ಉಬುಂಟು ಲೋಗೋದ ಹಿಂದೆ ಏನು ನಡೆಯುತ್ತಿದೆ?

"ಸರ್, ಸಿಸ್ಟಂ ಹ್ಯಾಂಗ್ ಆಗಿದೆ." ಲ್ಯಾಬ್ ಪೀರಿಯಡ್‌ನ ಮೊದಲ ಐದು ನಿಮಿಷಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಹೋಗಿ ನೋಡಿದರೆ ಪರದೆಯ ಮೇಲೆ ಉಬುಂಟು ಲೋಗೋ, ಜೊತೆಗೊಂದು ತಿರುಗುವ ಚಕ್ರ. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು. ಅಷ್ಟರಲ್ಲಿ ಯಾರಾದರೊಬ್ಬರು ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿರುತ್ತಾರೆ. ಚಕ್ರ ಮೊದಲಿನಿಂದ ತಿರುಗಲು ಶುರು. ಶುಕ್ರವಾರ ಜುಮಾ ಇರುವುದರಿಂದ ಪೀರಿಯಡ್ ಮೊದಲೇ ಚಿಕ್ಕದು, ಪ್ರೋಗ್ರಾಂ ಬರೆಯಲು ಉಳಿಯುವುದು ಅರ್ಧ ಹೊತ್ತು.

ಮನೆಯಲ್ಲಿ ಹೀಗಾದರೆ ಅದು ಇನ್ನೂ ದುಬಾರಿ. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಜನರ ಮನೆಯಲ್ಲಿ ಇರುವುದು ಅಣ್ಣನೋ ಮಾಮನೋ ಕೊಡಿಸಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅದನ್ನು ಬೈಕಿನ ಮೇಲೆ ಅಂಗಡಿಗೆ ಒಯ್ದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಫಾರ್ಮ್ಯಾಟ್ ಹೊಡೆಯಬೇಕು." ಫಾರ್ಮ್ಯಾಟ್ ಆದ ಮೇಲೆ ಕಂಪ್ಯೂಟರ್ ಬೇಗ ಆನ್ ಆಗುವುದು ನಿಜ. ಆದರೆ ವರ್ಷವಿಡೀ ಮಾಡಿದ ಪ್ರಾಜೆಕ್ಟ್, ಅಕ್ಕನ ಮದುವೆಯ ಫೋಟೋಗಳು, ಸ್ಕ್ಯಾನ್ ಮಾಡಿಟ್ಟ ಸ್ಕಾಲರ್‌ಶಿಪ್ ಕಾಗದಗಳು ಹೋಗಿರುತ್ತವೆ. ಇಷ್ಟೆಲ್ಲ ಕಳೆದುಕೊಂಡದ್ದು ಎಷ್ಟೋ ಸಲ ಒಂದೇ ಒಂದು ಸಾಲು ತಿದ್ದಿದ್ದರೆ ಸರಿಹೋಗುತ್ತಿದ್ದ ತೊಂದರೆಗಾಗಿ.

ಆ ಲೋಗೋ ತೋರಿಸುವ ಪ್ರೋಗ್ರಾಂನ ಹೆಸರು ಪ್ಲಿಮತ್. 2008ರಲ್ಲಿ ಫೆಡೋರಾ 10ರೊಂದಿಗೆ ಬಂತು, 2010ರ 10.04 ಆವೃತ್ತಿಯಿಂದ ಉಬುಂಟು ಕೂಡ ಅದನ್ನು ಬಳಸುತ್ತಿದೆ. ಇಂಥ ಪ್ರೋಗ್ರಾಂ ಇಲ್ಲದಿದ್ದರೆ ಲಿನಕ್ಸ್ ಏಳುವಾಗ ಪರದೆ ತುಂಬ ಅಕ್ಷರಗಳು ಓಡುತ್ತವೆ. ಹೊಸಬರು ಹೆದರುತ್ತಾರೆಂದು ಅದರ ಮುಂದೆ ಒಂದು ತೆರೆ ಎಳೆದರು. ಪ್ಲಿಮತ್ ಎಂದರೆ ಆ ತೆರೆ, ಅಷ್ಟೇ. ಒಳಗಿನ ಕೆಲಸ ಮುಗಿದು ಲಾಗಿನ್ ಪರದೆ ಸಿದ್ಧವಾಗುವವರೆಗೆ ಅದು ಚಕ್ರ ತಿರುಗಿಸುತ್ತಾ ನಿಂತಿರುತ್ತದೆ. ತೆರೆ ಬೇಗ ಸರಿಯಲಿಲ್ಲ ಎಂದರೆ ಒಳಗೆ ಯಾವುದೋ ಕೆಲಸ ನಿಂತಿದೆ ಎಂದರ್ಥ. ನಮ್ಮ ಲ್ಯಾಬ್‌ನಲ್ಲಿ ಕಂಡ ಹೆಚ್ಚಿನ ಪ್ರಕರಣಗಳಲ್ಲಿ ಆ ಕೆಲಸ ಕಂಪ್ಯೂಟರಿನಲ್ಲಿ ಇಲ್ಲದ ಒಂದು ವಸ್ತುವಿಗಾಗಿ ಕಾಯುತ್ತಾ ಇರುತ್ತದೆ.

ಹಾಗಾಗಿ ಮೊದಲು ಮಾಡಬೇಕಾದ್ದು ತೆರೆಯನ್ನು ಸರಿಸುವುದು. ಚಕ್ರ ತಿರುಗುತ್ತಿರುವಾಗ ಕೀಬೋರ್ಡ್‌ನ ಎಡ ಮೂಲೆಯ ಎಸ್ಕೇಪ್ ಬಟನ್ ಒಮ್ಮೆ ಒತ್ತಿ. ಲೋಗೋ ಹೋಗಿ ಅಕ್ಷರಗಳು ಬರುತ್ತವೆ. ಎಲ್ಲವನ್ನೂ ಓದಬೇಕಾಗಿಲ್ಲ, ಕೊನೆಯ ಸಾಲು ನೋಡಿದರೆ ಸಾಕು. "ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್" ಎಂದು ಶುರುವಾಗುವ ಸಾಲು ಇದ್ದು, ಅದರ ತುದಿಯಲ್ಲಿ ಸೆಕೆಂಡುಗಳು ಏರುತ್ತಾ ಹೋಗುತ್ತಿದ್ದರೆ, ಉತ್ತರ ಸಿಕ್ಕಿದ ಹಾಗೆ. ಆ ಸಾಲಿನಲ್ಲಿ ಯಾವುದರ ಹೆಸರಿದೆಯೋ ಅದಕ್ಕಾಗಿ ಯಂತ್ರ ಕಾಯುತ್ತಿದೆ. ಪಕ್ಕದಲ್ಲೇ ಮಿತಿಯೂ ಬರೆದಿರುತ್ತದೆ, ಸಾಮಾನ್ಯವಾಗಿ ಒಂದೂವರೆ ನಿಮಿಷ. 90 ಸೆಕೆಂಡ್ ಎಂಬುದು ಸಿಸ್ಟಮ್‌ಡಿ ಇಟ್ಟುಕೊಂಡಿರುವ ಮಾಮೂಲಿ ಗಡುವು. ಕರ್ನಲ್ ಎದ್ದ ಮೇಲೆ ಉಳಿದ ಎಲ್ಲರನ್ನೂ ಎಬ್ಬಿಸುವ ಮೇಸ್ತ್ರಿ ಈ ಸಿಸ್ಟಮ್‌ಡಿ. ಉಬುಂಟುವಿನಲ್ಲಿ 2015ರ 15.04ರಿಂದ ಆ ಕೆಲಸ ಅದರದ್ದು.

ಎಸ್ಕೇಪ್ ಒತ್ತಿದರೂ ಏನೂ ಕಾಣದಿದ್ದರೆ ಇನ್ನೊಂದು ದಾರಿ ಇದೆ. ಆನ್ ಮಾಡಿದ ಕೂಡಲೇ ಹಳೆಯ ಬಯಾಸ್ ಯಂತ್ರಗಳಲ್ಲಿ ಶಿಫ್ಟ್ ಹಿಡಿದುಕೊಂಡರೆ, ಹೊಸ ಯಂತ್ರಗಳಲ್ಲಿ ಎಸ್ಕೇಪ್ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಉಬುಂಟು ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಉದ್ದದ ಸಾಲಿನ ಕೊನೆಯಲ್ಲಿ ಕ್ವಯಟ್, ಸ್ಪ್ಲ್ಯಾಶ್ ಎಂಬ ಎರಡು ಪದಗಳಿರುತ್ತವೆ. ಅವೆರಡನ್ನೂ ಅಳಿಸಿ ಎಫ್10 ಒತ್ತಿ. ಈ ಒಂದು ಸಲಕ್ಕೆ ಮಾತ್ರ ತೆರೆ ಇಲ್ಲದೆ ಏಳುತ್ತದೆ, ಮುಂದಿನ ಸಲ ಎಲ್ಲ ಮೊದಲಿನಂತೆಯೇ. ಏನನ್ನೂ ಕೆಡಿಸುವ ಭಯವಿಲ್ಲ, ಧೈರ್ಯವಾಗಿ ಮಾಡಿ.

ಕೊನೆಗೂ ಲಾಗಿನ್ ಆದ ಮೇಲೆ ಟರ್ಮಿನಲ್ ತೆರೆಯಿರಿ. ಇನ್ನು ಮುಂದೆ ಬರುವ ಕಮಾಂಡ್‌ಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು, ಅವುಗಳ ಸರಿಯಾದ ಸ್ಪೆಲ್ಲಿಂಗ್ ಲ್ಯಾಬ್‌ನ ಬೋರ್ಡ್ ಮೇಲೆ ಹಚ್ಚಿದೆ. ಮೊದಲನೆಯದು ಸಿಸ್ಟಮ್‌ಡಿ-ಅನಲೈಜ್. ನಡುವೆ ಅಡ್ಡಗೀಟು, ಜಾಗ ಬಿಡುವಂತಿಲ್ಲ. ಎಂಟರ್ ಒತ್ತಿದರೆ ಒಂದೇ ಸಾಲಿನಲ್ಲಿ ಲೆಕ್ಕ ಬರುತ್ತದೆ: ಕರ್ನಲ್‌ಗೆ ಇಷ್ಟು ಸೆಕೆಂಡ್, ಯೂಸರ್‌ಸ್ಪೇಸ್‌ಗೆ ಇಷ್ಟು. ಹೊಸ ಯಂತ್ರಗಳಲ್ಲಿ ಇದರ ಮುಂದೆ ಫರ್ಮ್‌ವೇರ್ ಮತ್ತು ಲೋಡರ್ ಎಂಬ ಇನ್ನೆರಡು ಅಂಕಿಗಳೂ ಇರುತ್ತವೆ. ಅವೆರಡು ಲಿನಕ್ಸ್ ಶುರುವಾಗುವ ಮೊದಲಿನ ಸಮಯ, ಅದರ ತಪ್ಪಲ್ಲ.

ಈ ಅಂಕಿಗಳಲ್ಲಿ ಯಾವುದು ಉಬ್ಬಿದೆ ಎಂಬುದರಿಂದಲೇ ರೋಗ ಅರ್ಧ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲಿ ಕರ್ನಲ್‌ನ ಪಾಲು ಕೆಲವೇ ಸೆಕೆಂಡ್. ಅದು 30 ದಾಟಿದ್ದರೆ, ಅಥವಾ ಯೂಸರ್‌ಸ್ಪೇಸ್ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿದ್ದರೆ, ಮೊದಲು ಅನುಮಾನಿಸಬೇಕಾದ್ದು ಸ್ವಾಪ್ ಅನ್ನು. ಎರಡು ಲಿನಕ್ಸ್ ಹಾಕಿಕೊಂಡವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇವೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ರ್‍ಯಾಮ್ ತುಂಬಿದಾಗ ಅದರಲ್ಲಿರುವುದನ್ನು ತಾತ್ಕಾಲಿಕವಾಗಿ ಇಳಿಸಿಡಲು ಡಿಸ್ಕ್‌ನಲ್ಲಿ ಇಟ್ಟ ಜಾಗವೇ ಸ್ವಾಪ್. 2017ರ 17.04ರಿಂದ ಉಬುಂಟು ಇದಕ್ಕೆ ಸಾಮಾನ್ಯವಾಗಿ ಒಂದು ಫೈಲನ್ನೇ ಬಳಸುತ್ತದೆ. ಅದಕ್ಕೂ ಮೊದಲು ಇನ್‌ಸ್ಟಾಲ್ ಮಾಡಿದ, ಅಥವಾ ಕೈಯಾರೆ ಪಾರ್ಟಿಷನ್ ಮಾಡಿದ ಯಂತ್ರಗಳಲ್ಲಿ ಅದು ಪ್ರತ್ಯೇಕ ಪಾರ್ಟಿಷನ್. ಪ್ರತಿ ಪಾರ್ಟಿಷನ್‌ಗೂ ಯುಯುಐಡಿ ಎಂಬ ಉದ್ದದ ಗುರುತಿನ ಸಂಖ್ಯೆ ಇರುತ್ತದೆ. ಈಗ ಗೆಳೆಯ ಹೇಳಿದ ಎಂದು ಉಬುಂಟು ಪಕ್ಕದಲ್ಲಿ ಇನ್ನೊಂದು ಲಿನಕ್ಸ್ ಹಾಕುತ್ತೀರಿ ಎನ್ನಿ. ಹೊಸದು ಬಂದು ಅದೇ ಸ್ವಾಪ್ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿ ತಾನೂ ಬಳಸಿಕೊಳ್ಳುತ್ತದೆ. ಫಾರ್ಮ್ಯಾಟ್ ಆದ ಕ್ಷಣ ಅದರ ಯುಯುಐಡಿ ಬದಲಾಯಿತು. ಹಳೆಯ ಉಬುಂಟುಗೆ ಈ ಸುದ್ದಿ ಯಾರೂ ಹೇಳಿರುವುದಿಲ್ಲ. ರೀ-ಅಡ್ಮಿಷನ್ ಆದ ಹುಡುಗನಿಗೆ ಹೊಸ ರಿಜಿಸ್ಟರ್ ನಂಬರ್ ಬಂದಿದೆ, ಆತ ಕ್ಲಾಸಿನಲ್ಲೇ ಕುಳಿತಿದ್ದಾನೆ, ಲೆಕ್ಚರರ್ ಮಾತ್ರ ಹಳೆಯ ನಂಬರ್ ಕೂಗಿ ಯಾರಾದರೂ ಓಗೊಡುತ್ತಾರೇನೋ ಎಂದು ಒಂದೂವರೆ ನಿಮಿಷ ಕಾಯುತ್ತಾರೆ. ಪ್ರತಿದಿನ.

ಈ ಹಳೆಯ ನಂಬರ್ ಎರಡು ಕಡೆ ಬರೆದಿರುತ್ತದೆ. ಒಂದು, ಇಟಿಸಿ ಫೋಲ್ಡರ್‌ನ ಎಫ್‌ಎಸ್‌ಟ್ಯಾಬ್ ಫೈಲ್. ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಎಂಬ ಪಟ್ಟಿ ಇದು. ಇಲ್ಲಿ ತಪ್ಪಿದ್ದರೆ ತಡವಾಗುವುದು ಯೂಸರ್‌ಸ್ಪೇಸ್‌ನಲ್ಲಿ, 90 ಸೆಕೆಂಡ್. ಇನ್ನೊಂದು, ಅದೇ ಇಟಿಸಿಯ ಒಳಗೆ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರ್, ಅದರೊಳಗಿನ ಕಾನ್ಫ್-ಚುಕ್ಕೆ-ಡಿ ಫೋಲ್ಡರ್‌ನಲ್ಲಿ ರೆಸ್ಯೂಮ್ ಎಂಬ ಪುಟ್ಟ ಫೈಲ್. ಹೈಬರ್ನೇಟ್ ಮಾಡಿದ್ದರೆ ರ್‍ಯಾಮ್‌ನ ಚಿತ್ರಣ ಸ್ವಾಪ್‌ನಲ್ಲಿ ಇರುತ್ತದಲ್ಲ, ಏಳುವಾಗ ಅದನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಫೈಲ್ ಅದು. ಈ ಹುಡುಕಾಟ ಬಹಳ ಮುಂಚೆ ನಡೆಯುವುದರಿಂದ ಉಬುಂಟುವಿನಲ್ಲಿ ಆ ಸಮಯ ಕರ್ನಲ್ ಲೆಕ್ಕಕ್ಕೆ ಸೇರುತ್ತದೆ, ಸುಮಾರು 30 ಸೆಕೆಂಡ್. "ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್" ಎಂಬ ಸಾಲು ಪರದೆಯಲ್ಲಿ ಮಿಂಚಿ ಹೋದರೆ ಬೇರೆ ಸಾಕ್ಷಿ ಬೇಡ.

ಸರಿಪಡಿಸುವುದು ಹೀಗೆ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಬರೆದು, ಜಾಗ ಬಿಟ್ಟು, ಅಡ್ಡಗೀಟು ಎಫ್ ಹಾಕಿದರೆ ಎಲ್ಲ ಪಾರ್ಟಿಷನ್‌ಗಳ ಈಗಿನ ಯುಯುಐಡಿ ಕಾಣುತ್ತದೆ. ಸ್ವಾಪ್‌ನ ನಂಬರನ್ನು ಎಫ್‌ಎಸ್‌ಟ್ಯಾಬ್‌ನಲ್ಲಿರುವುದಕ್ಕೆ ಹೋಲಿಸಿ. ಬೇರೆಯಾಗಿದ್ದರೆ ಮೊದಲು ಎಫ್‌ಎಸ್‌ಟ್ಯಾಬ್‌ನ ಒಂದು ನಕಲು ತೆಗೆದಿಡಿ. ಈ ಹೆಜ್ಜೆ ಬಿಡಲೇಬೇಡಿ, ಯಾಕೆಂದರೆ ಈ ಫೈಲಿನಲ್ಲಿ ರೂಟ್ ಪಾರ್ಟಿಷನ್ನಿನ ಸಾಲೂ ಇದೆ, ಅದು ಕೆಟ್ಟರೆ ಕಂಪ್ಯೂಟರ್ ಸರಿಯಾಗಿ ಏಳುವುದೇ ಇಲ್ಲ. ನಂತರ ಸುಡೊ ಜೊತೆಗೆ ನ್ಯಾನೊ ಎಡಿಟರಿನಲ್ಲಿ ಫೈಲ್ ತೆರೆದು ಸ್ವಾಪ್ ಸಾಲಿನ ಹಳೆಯ ನಂಬರ್ ಅಳಿಸಿ ಹೊಸದನ್ನು ಅಂಟಿಸಿ. ಕೈಯಿಂದ ಟೈಪ್ ಮಾಡಬೇಡಿ, ಕಾಪಿ ಮಾಡಿ. ರೆಸ್ಯೂಮ್ ಫೈಲ್ ಇದ್ದರೆ ಅಲ್ಲಿಯೂ ಅದನ್ನೇ ಮಾಡಿ. ಹೈಬರ್ನೇಟ್ ಬಳಸುವುದೇ ಇಲ್ಲ ಎನ್ನುವವರು ಸಮ ಚಿಹ್ನೆಯ ಮುಂದೆ ನನ್ ಎಂಬ ಪದ ಬರೆದರೂ ಆಯಿತು. ರೆಸ್ಯೂಮ್ ಫೈಲ್ ಬದಲಿಸಿದ ಮೇಲೆ ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್, ಜಾಗ, ಅಡ್ಡಗೀಟು ಯು ಕೊಡಬೇಕು, ಇಲ್ಲದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ. ರೀಸ್ಟಾರ್ಟ್ ಮಾಡುವ ಮೊದಲು ಫೈಂಡ್‌ಎಂಎನ್‌ಟಿ ಕಮಾಂಡಿಗೆ ಎರಡು ಅಡ್ಡಗೀಟು ಹಾಕಿ ವೆರಿಫೈ ಸೇರಿಸಿ ಓಡಿಸಿ. ಎಫ್‌ಎಸ್‌ಟ್ಯಾಬ್‌ನಲ್ಲಿ ತಪ್ಪು ಉಳಿದಿದ್ದರೆ ಅದು ಹೇಳುತ್ತದೆ.

ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳ ಲಾಗಿನ್‌ಗೆ ಸುಡೊ ಅಧಿಕಾರ ಇಲ್ಲ. ಅಲ್ಲಿ ನೀವು ಕೊನೆಯ ಸಾಲು ಓದಿ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. "ಹ್ಯಾಂಗ್ ಆಗಿದೆ" ಎನ್ನುವುದಕ್ಕಿಂತ ಅದು ನೂರು ಪಾಲು ಉಪಯೋಗ.

ಎಫ್‌ಎಸ್‌ಟ್ಯಾಬ್‌ನಲ್ಲೇ ಬರುವ ಇನ್ನೊಂದು ತೊಂದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನದು. ಯಾರೋ ಅದನ್ನು ತಾನಾಗಿ ಜೋಡಣೆಯಾಗಲಿ ಎಂದು ಪಟ್ಟಿಗೆ ಸೇರಿಸಿರುತ್ತಾರೆ, ಒಂದು ದಿನ ಡಿಸ್ಕ್ ಚಿಕ್ಕಪ್ಪನ ಮನೆಗೆ ಹೋಗಿರುತ್ತದೆ. ಆಗ 90 ಸೆಕೆಂಡ್ ಕಾದ ಮೇಲೆ ಲಾಗಿನ್ ಕೂಡ ಬರದೆ ಎಮರ್ಜೆನ್ಸಿ ಮೋಡ್ ಎಂಬ ಕಪ್ಪು ಪರದೆ ಬರುತ್ತದೆ. ನೋಡಿದವರು ಹೆದರುತ್ತಾರೆ, ಆದರೆ ಡೇಟಾಗೆ ಏನೂ ಆಗಿರುವುದಿಲ್ಲ. ಡಿಸ್ಕ್ ಹಚ್ಚಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ನಂತರ ಆ ಸಾಲಿನ ಆಯ್ಕೆಗಳಲ್ಲಿ ಅಲ್ಪವಿರಾಮ ಹಾಕಿ ನೋಫೇಲ್ ಎಂಬ ಒಂದೇ ಪದ ಸೇರಿಸಿ. ಡಿಸ್ಕ್ ಇದ್ದರೆ ಜೋಡಿಸು, ಇಲ್ಲದಿದ್ದರೆ ನಿನ್ನ ಪಾಡಿಗೆ ಮುಂದೆ ಹೋಗು ಎಂದು ಅದರ ಅರ್ಥ.

ಪಾರ್ಟಿಷನ್‌ಗಳೆಲ್ಲ ಸರಿಯಿದ್ದೂ ತಡವಾದರೆ ಸರ್ವಿಸ್‌ಗಳ ಕಡೆ ನೋಡಬೇಕು. ಸಿಸ್ಟಮ್‌ಡಿ-ಅನಲೈಜ್ ಮುಂದೆ ಜಾಗ ಬಿಟ್ಟು ಬ್ಲೇಮ್ ಎಂದು ಬರೆದರೆ ಯಾವ ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿ ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ. ಹೆಸರೇ ಬ್ಲೇಮ್ ಆದರೂ ಮೇಲಿರುವವರೆಲ್ಲ ಅಪರಾಧಿಗಳಲ್ಲ. ಎಷ್ಟೋ ಸರ್ವಿಸ್‌ಗಳು ಒಟ್ಟೊಟ್ಟಿಗೆ ಏಳುತ್ತವೆ. ಮದುವೆ ಮನೆಯಲ್ಲಿ ಬಿರಿಯಾನಿಗೆ ಎರಡು ಗಂಟೆ ಹಿಡಿಯಿತು, ಅದೇ ಹೊತ್ತಿನಲ್ಲಿ ಪಕ್ಕದ ಒಲೆಯಲ್ಲಿ ಖೀರಿಗೆ ಒಂದು ಗಂಟೆ ಹಿಡಿಯಿತು ಎಂದರೆ ಊಟ ತಡವಾದದ್ದು ಮೂರು ಗಂಟೆ ಅಲ್ಲ. ಎಲ್ಲರೂ ಮೊದಲು ಬೆರಳು ತೋರಿಸುವುದು ಪಟ್ಟಿಯ ತುದಿಯಲ್ಲಿ ಕಾಣುವ ಪ್ಲಿಮತ್-ಕ್ವಿಟ್-ವೇಟ್ ಕಡೆಗೆ. ಅದರ ಕೆಲಸವೇ ಉಳಿದವರು ಮುಗಿಸುವವರೆಗೆ ಕಾದು ತೆರೆ ಸರಿಸುವುದು. ಅದನ್ನು ನಿಷ್ಕ್ರಿಯಗೊಳಿಸಿದರೆ ಒಂದು ಸೆಕೆಂಡ್ ಕೂಡ ಉಳಿಯುವುದಿಲ್ಲ.

ನಿಜವಾಗಿ ಯಾರಿಗಾಗಿ ಯಾರು ಕಾದರು ಎಂದು ತಿಳಿಯಲು ಬ್ಲೇಮ್ ಬದಲು ಕ್ರಿಟಿಕಲ್-ಚೈನ್ ಎಂದು ಕೊಡಿ. ಸರಪಳಿಯಂತೆ ಸಾಲುಗಳು ಬರುತ್ತವೆ, ಪ್ಲಸ್ ಚಿಹ್ನೆಯ ಮುಂದಿನ ಅಂಕಿ ಆ ಕೊಂಡಿ ತಿಂದ ಸಮಯ. ಅದರಲ್ಲಿ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ದೊಡ್ಡ ಅಂಕಿಯೊಂದಿಗೆ ಕಂಡರೆ, ನೆಟ್ ಸಿಗುವವರೆಗೆ ಯಂತ್ರ ಕಾಯುತ್ತಿದೆ. ವೈರ್ ಕಿತ್ತಿರುವ ಅಥವಾ ರೂಟರ್ ಆಫ್ ಇರುವ ಮನೆಯಲ್ಲಿ ಇದು ಸಾಮಾನ್ಯ. ಮನೆಯ ಕಂಪ್ಯೂಟರಿಗೆ ಈ ಸರ್ವಿಸ್ ಹೆಚ್ಚಾಗಿ ಬೇಕಾಗಿಲ್ಲ, ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಕೊಟ್ಟು ಅದರ ಪೂರ್ತಿ ಹೆಸರು ಬರೆದರೆ ನಿಲ್ಲುತ್ತದೆ. ನೆಟ್ ಆಮೇಲೆ ತಾನಾಗಿ ಬರುತ್ತದೆ. ಸರ್ವರ್‌ನಿಂದ ಫೋಲ್ಡರ್ ಜೋಡಿಸಿಕೊಳ್ಳುವ ಯಂತ್ರಗಳಲ್ಲಿ ಮಾತ್ರ ಇದನ್ನು ಮುಟ್ಟಬಾರದು.

ಎಲ್ಲೂ ಕಾಯುವಿಕೆ ಇಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ನಿಧಾನ ಎಂದಾದರೆ ಅದು ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನ ಸಹಜ ವೇಗ. ಅಂಥ ಯಂತ್ರಕ್ಕೆ ಒಂದು ನಿಮಿಷ ಹಿಡಿದರೆ ದೂರು ಹೇಳುವಂತಿಲ್ಲ. ಹಣ ಹಾಕುವುದಾದರೆ ಎಸ್‌ಎಸ್‌ಡಿಗೆ ಹಾಕಿ, ಬೇರೆ ಯಾವ ಭಾಗ ಬದಲಿಸಿದರೂ ಅಷ್ಟು ವ್ಯತ್ಯಾಸ ಕಾಣದು.

ಒಂದು ಸಂದರ್ಭದಲ್ಲಿ ಮಾತ್ರ ಈ ಮೇಲಿನ ಯಾವುದನ್ನೂ ಮಾಡಲು ಹೋಗಬೇಡಿ. ಎಸ್ಕೇಪ್ ಒತ್ತಿದಾಗ ಐ/ಒ ಎರರ್ ಎಂಬ ಸಾಲುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ, ಅಥವಾ ಕ್ಯಾಬಿನೆಟ್ ಒಳಗಿನಿಂದ ಟಕ್ ಟಕ್ ಸದ್ದು ಕೇಳುತ್ತಿದ್ದರೆ, ಡಿಸ್ಕ್‌ನ ಆಯುಸ್ಸು ಮುಗಿಯುತ್ತಾ ಬಂದಿರಬಹುದು. ಪವರ್ ಬಟನ್ ಒತ್ತಿ ಹಿಡಿದು ಮತ್ತೆ ಮತ್ತೆ ಆನ್ ಆಫ್ ಮಾಡುವುದು ಆಗ ಅತ್ಯಂತ ಕೆಟ್ಟ ಕೆಲಸ. ಹೇಗಾದರೂ ಲಾಗಿನ್ ಆಗಿದ್ದರೆ ಆಫ್ ಮಾಡದೆ ಮೊದಲು ಪ್ರಾಜೆಕ್ಟ್, ಫೋಟೋ, ಕಾಗದಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ಆಮೇಲೆ ಡಿಸ್ಕ್ಸ್ ಎಂಬ ಆ್ಯಪ್ ತೆರೆದು, ಮೆನುವಿನಲ್ಲಿ ಸ್ಮಾರ್ಟ್ ಎಂದು ಇರುವಲ್ಲಿ ಒತ್ತಿ ಅದು ಡಿಸ್ಕ್ ಬಗ್ಗೆ ಏನು ಹೇಳುತ್ತದೆ ನೋಡಿ. ಲಾಗಿನ್ ಆಗದಿದ್ದರೆ ಉಬುಂಟುವಿನ ಲೈವ್ ಪೆನ್‌ಡ್ರೈವ್ ಹಾಕಿ ಅದರಿಂದ ಏಳಿಸಿ, "ಟ್ರೈ ಉಬುಂಟು" ಆರಿಸಿದರೆ ಹಳೆಯ ಡಿಸ್ಕ್‌ನ ಫೋಲ್ಡರ್‌ಗಳನ್ನು ತೆರೆದು ನಕಲು ಮಾಡಬಹುದು. ಅಂಥ ಒಂದು ಪೆನ್‌ಡ್ರೈವ್ ಲ್ಯಾಬ್‌ನಲ್ಲಿದೆ, ಮನೆಗೆ ಬೇಕಾದವರು ಹೆಸರು ಬರೆಸಿ ಒಯ್ಯಬಹುದು.