ರೂಪಾಯಿಗೆ 10 ಪೈಸೆ, ಊರಿಗೊಂದು ಗ್ರಂಥಾಲಯ

ಚೆನ್ನೈನಲ್ಲಿ ಮನೆ ಮಾಡಿರುವ ಕನ್ನಡಿಗರು ಪಾಲಿಕೆಗೆ ಕಟ್ಟುವ ಆಸ್ತಿ ತೆರಿಗೆಯಲ್ಲಿ ಗ್ರಂಥಾಲಯದ ಪಾಲೂ ಇದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ತೆರಿಗೆಯ ಪ್ರತಿ ರೂಪಾಯಿಗೆ 10 ಪೈಸೆ ಗ್ರಂಥಾಲಯ ಸೆಸ್. ಅರ್ಧ ವರ್ಷಕ್ಕೆ 3,000 ರೂಪಾಯಿ ತೆರಿಗೆ ಬಿದ್ದರೆ, ಪುಸ್ತಕದ ಲೆಕ್ಕಕ್ಕೆ ಸುಮಾರು 300 ರೂಪಾಯಿ ಸೇರುತ್ತದೆ. ಬಾಡಿಗೆ ಮನೆಯವರು ‘ನಮಗೂ ಅದಕ್ಕೂ ಏನು ಸಂಬಂಧ’ ಎನ್ನುವ ಹಾಗಿಲ್ಲ. ಓನರ್ ಅದನ್ನು ಬಾಡಿಗೆಯಲ್ಲೇ ಸೇರಿಸಿ ವಸೂಲು ಮಾಡಿರುತ್ತಾರೆ.

ಹಾಗಾಗಿ ಬಡಾವಣೆಯ ಗ್ರಂಥಾಲಯವನ್ನು ‘ಪುಕ್ಕಟೆ’ ಎಂದು ಕರೆಯುವುದು ಅರ್ಧ ಸತ್ಯ. ಒಳಗೆ ಕೂತು ಓದಲು ಯಾರೂ ಕಾಸು ಕೇಳುವುದಿಲ್ಲ, ಮನೆಗೆ ಒಯ್ಯುವುದಾದರೆ ಸಣ್ಣದೊಂದು ಠೇವಣಿ. ಆದರೆ ಅದರ ಖರ್ಚನ್ನು ಊರಿನವರೆಲ್ಲ ಸೇರಿ ಮೊದಲೇ ಕೊಟ್ಟಾಗಿರುತ್ತದೆ. ನಾನು ಲೆಕ್ಕಪತ್ರದ ಕೆಲಸದವನು, ಹದಿನಾಲ್ಕು ವರ್ಷದಿಂದ ತಮಿಳುನಾಡಿನಲ್ಲಿದ್ದೇನೆ. ಕೊಟ್ಟ ಕಾಸು ಎಲ್ಲಿಗೆ ಹೋಯಿತು ಎಂದು ಹುಡುಕುವುದು ನನ್ನ ಚಾಳಿ.

ಒಬ್ಬ ಗಣಿತದ ಮೇಷ್ಟ್ರು ಮಾಡಿದ ಲೆಕ್ಕ

ಈ ವ್ಯವಸ್ಥೆಯ ಹಿಂದೆ ಎಸ್.ಆರ್. ರಂಗನಾಥನ್ ಇದ್ದಾರೆ. ಗಣಿತ ಪಾಠ ಮಾಡುತ್ತಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬೀರುವಿನಲ್ಲಿಡಲು ಅಲ್ಲ, ಓದಲು ಎಂಬುದೇ ಅವುಗಳ ತಿರುಳು. ಇಷ್ಟಾದರೆ ಸಾಲದು, ದುಡ್ಡಿಗೂ ಒಂದು ದಾರಿ ಬೇಕು ಎಂದು ಅವರಿಗೆ ಗೊತ್ತಿತ್ತು. ಸರ್ಕಾರದ ಅನುದಾನ ಒಂದು ವರ್ಷ ಬರುತ್ತದೆ, ಇನ್ನೊಂದು ವರ್ಷ ಕೈಕೊಡುತ್ತದೆ. ಮನೆ ತೆರಿಗೆಯ ಜೊತೆ ಗಂಟು ಹಾಕಿದ ಸೆಸ್ ಹಾಗಲ್ಲ. ಊರು ಬೆಳೆದಷ್ಟೂ ಅದೂ ಬೆಳೆಯುತ್ತದೆ.

ಅವರ ಪ್ರಯತ್ನದಿಂದ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಸ್ವತಂತ್ರ ಭಾರತದಲ್ಲಿ ಇಂಥದ್ದು ಅದೇ ಮೊದಲು. ಆಗ ಸೆಸ್ ರೂಪಾಯಿಗೆ 3 ಪೈಸೆಯ ಆಸುಪಾಸಿನಲ್ಲಿತ್ತು, ಬರಬರುತ್ತ 10 ಪೈಸೆಗೆ ಏರಿತು. ಕಾಯಿದೆಯ ಏರ್ಪಾಡು ಸರಳ. ಮೇಲೆ ಗ್ರಂಥಾಲಯ ಇಲಾಖೆಯ ನಿರ್ದೇಶಕರು, ಚೆನ್ನೈ ನಗರಕ್ಕೆ ಒಂದು, ಪ್ರತಿ ಜಿಲ್ಲೆಗೆ ಒಂದೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ. ಸೆಸ್ ವಸೂಲು ಮಾಡುವುದು ಪಾಲಿಕೆ, ಪುರಸಭೆ, ಪಂಚಾಯಿತಿ. ಅದನ್ನು ಖರ್ಚು ಮಾಡುವುದು ಪ್ರಾಧಿಕಾರ, ಅದೂ ಗ್ರಂಥಾಲಯ ನಿಧಿಯ ಮೂಲಕ. ಈ ದುಡ್ಡನ್ನು ರಸ್ತೆಗೋ ಚರಂಡಿಗೋ ಬಳಸುವಂತಿಲ್ಲ.

ತಮಿಳಿನಲ್ಲಿ ಗ್ರಂಥಾಲಯಕ್ಕೆ ‘ನೂಲಗಂ’ ಎನ್ನುತ್ತಾರೆ. ನಮಗೆ ನೂಲು ಎಂದರೆ ದಾರ ಮಾತ್ರ, ಅವರಿಗೆ ಪುಸ್ತಕವೂ ಹೌದು.

ದೇವರು ಕೊಟ್ಟರೂ ಪೂಜಾರಿ ಕೊಡ

ವಸೂಲು ಮಾಡುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು ಆದಾಗ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಜನ ಕಟ್ಟಿದ ಸೆಸ್ ಸ್ಥಳೀಯ ಸಂಸ್ಥೆಯ ಖಾತೆಯಲ್ಲೇ ಉಳಿದು, ಗ್ರಂಥಾಲಯಕ್ಕೆ ತಡವಾಗಿ ಹೋಗುವುದು, ಬಾಕಿ ಬೆಳೆಯುವುದು ಈ ಪದ್ಧತಿಯ ಹಳೆಯ ರೋಗ. ಚೆನ್ನೈನಲ್ಲೂ ಬಾಕಿಯ ಸುದ್ದಿ ಬಂದಿದ್ದುಂಟು. ಬೆಂಗಳೂರಿನಲ್ಲಂತೂ ಬಾಕಿ ನೂರಾರು ಕೋಟಿ ರೂಪಾಯಿ ಎಂಬ ವರದಿಗಳನ್ನು ನಾವೆಲ್ಲ ಓದಿದ್ದೇವೆ.

ಚೆನ್ನೈಗೆ ಬರುವ ಮೊದಲು ನಾನು ಮೂರು ವರ್ಷ ಇನ್ನೊಂದು ಊರಿನಲ್ಲಿದ್ದೆ, ಹೆಸರು ಬೇಡ. ಅಲ್ಲಿನ ಶಾಖಾ ಗ್ರಂಥಾಲಯದ ಚಾವಣಿ ಮಳೆಗಾಲದಲ್ಲಿ ಸೋರುತ್ತಿತ್ತು. ಎರಡು ಕಪಾಟಿಗೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದ್ದರು. ಬೆಳಿಗ್ಗೆ ಪತ್ರಿಕೆ ಓದಲು ಬರುವ ನಿವೃತ್ತರು, ಸರ್ಕಾರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯೂರಿಟಿಯವರು, ಎಲ್ಲರೂ ಒಣಗಿದ ಅರ್ಧ ಕೋಣೆಯಲ್ಲಿ ಕೂರುತ್ತಿದ್ದರು. ನಾವು ಏಳೆಂಟು ಜನ ಸೇರಿ ಅರ್ಜಿ ಬರೆದೆವು. ಕಟ್ಟಡ ಪುರಸಭೆಯದು, ಪುಸ್ತಕ ಪ್ರಾಧಿಕಾರದ್ದು, ಸಿಬ್ಬಂದಿ ಇಲಾಖೆಯವರು. ರಿಪೇರಿ ಯಾರದು ಎಂಬುದಕ್ಕೇ ನಾಲ್ಕು ತಿಂಗಳು ಓಡಾಡಬೇಕಾಯಿತು. ಕೊನೆಗೆ ಮಾಹಿತಿ ಹಕ್ಕಿನಡಿ ಎರಡೇ ಪ್ರಶ್ನೆ ಹಾಕಿದೆವು: ಈ ಊರಿನಲ್ಲಿ ಕಳೆದ ವರ್ಷ ವಸೂಲಾದ ಸೆಸ್ ಎಷ್ಟು, ಪ್ರಾಧಿಕಾರಕ್ಕೆ ಪಾವತಿಯಾದದ್ದು ಎಷ್ಟು? ಉತ್ತರ ಬರುವಷ್ಟರಲ್ಲಿ ಮೇಸ್ತ್ರಿಯೂ ಬಂದರು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ಚಾವಣಿ ನಿಂತಿತು. ನೆನೆದ ಪುಸ್ತಕಗಳು ಮಾತ್ರ ಹೋದವು. ‘ಇವುಗಳ ಪಟ್ಟಿ ಮಾಡಿ ಕಳಿಸಿದರೆ ಹೊಸದು ಬರುತ್ತದೆ ಸಾರ್, ಹಳೇ ಪ್ರತಿಗಳೇ ಸಿಗೋದಿಲ್ಲ’ ಎಂದರು ಅಲ್ಲಿನ ಗ್ರಂಥಪಾಲಕಿ.

ಪ್ರಾಧಿಕಾರದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದೂ ಮುಖ್ಯ. ಸ್ಥಳೀಯ ಸಂಸ್ಥೆಗಳ ಚುನಾಯಿತರಿಗೂ ಇದರಲ್ಲಿ ಪಾಲಿರಬೇಕು ಎಂಬುದು ಇಂಥ ಕಾಯಿದೆಗಳ ಆಶಯ. ಚುನಾವಣೆಯೇ ನಡೆಯದಿದ್ದರೆ? ಚೆನ್ನೈ ಪಾಲಿಕೆಯಲ್ಲಿ 2016ರಿಂದ 2022ರವರೆಗೆ ಚುನಾಯಿತ ಸದಸ್ಯರು ಇರಲಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಾಗಲಿಲ್ಲ. ಆಗೆಲ್ಲ ಅಧಿಕಾರಿಗಳದ್ದೇ ಕಾರುಬಾರು. ಅವರಲ್ಲಿ ಒಳ್ಳೆಯವರಿಲ್ಲ ಎಂದಲ್ಲ, ಬಡಾವಣೆಯ ಓದುಗ ಹೋಗಿ ಕೇಳಲು ಒಂದು ಬಾಗಿಲು ಕಡಿಮೆಯಾಗುತ್ತದೆ.

ಒಬ್ಬರು ಕಟ್ಟಿದ್ದು, ಇನ್ನೊಬ್ಬರು ಬೇಡವೆಂದದ್ದು

ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಥೆ ಇದಕ್ಕಿಂತ ಬೇರೆ. 2010ರ ಸೆಪ್ಟೆಂಬರ್ 15ರಂದು ಕರುಣಾನಿಧಿ ಸರ್ಕಾರ ಅದನ್ನು ತೆರೆಯಿತು. ಮರುವರ್ಷ ಸರ್ಕಾರ ಬದಲಾಯಿತು. ಆ ಕಟ್ಟಡವನ್ನು ಮಕ್ಕಳ ಆಸ್ಪತ್ರೆ ಮಾಡುವುದಾಗಿ 2011ರ ನವೆಂಬರ್‌ನಲ್ಲಿ ಜಯಲಲಿತಾ ಸರ್ಕಾರ ಪ್ರಕಟಿಸಿತು. ಪುಸ್ತಕಪ್ರಿಯರು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದರು, ಕೋರ್ಟ್ ತಡೆ ಕೊಟ್ಟಿತು. ಗ್ರಂಥಾಲಯ ಗ್ರಂಥಾಲಯವಾಗಿಯೇ ಉಳಿಯಿತು. ಸರ್ಕಾರದ ಒಂದೇ ಮನಸ್ಸಿನಿಂದ ಎದ್ದ ಕಟ್ಟಡಕ್ಕೆ ಇನ್ನೊಂದು ಮನಸ್ಸಿನ ಭಯ ಇದ್ದೇ ಇರುತ್ತದೆ. ಸೋರುವ ಶಾಖೆಗೆ ವೈಭವವಿಲ್ಲ ನಿಜ, ಆದರೆ ಕಾಯಿದೆಯ ಬೇರು ಇದೆ.

ಎಗ್ಮೋರಿನ ಕನ್ನೆಮಾರ ಗ್ರಂಥಾಲಯದಲ್ಲಿ ಕನ್ನಡಿಗರಿಗೆ ಇನ್ನೊಂದು ಹಕ್ಕಿದೆ. 1896ರ ಡಿಸೆಂಬರ್ 5ರಂದು ತೆರೆದ ಈ ಗ್ರಂಥಾಲಯ 1950ರಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. 1954ರ ಪುಸ್ತಕ ಪೂರೈಕೆ ಕಾಯಿದೆಯ ಪ್ರಕಾರ, ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿ 30 ದಿನದೊಳಗೆ, ಪ್ರಕಾಶಕರ ಖರ್ಚಿನಲ್ಲೇ ಇಲ್ಲಿಗೆ ಬರಬೇಕು. ಕೋಲ್ಕತ್ತ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಇದೇ ಹಕ್ಕಿದೆ. ಅಂದರೆ ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನವೂ ಎಗ್ಮೋರಿಗೆ ಬರಬೇಕು. ಕಳಿಸದಿದ್ದರೆ ದಂಡ ಹೆಚ್ಚೆಂದರೆ 50 ರೂಪಾಯಿ ಮತ್ತು ಪುಸ್ತಕದ ಬೆಲೆ. ಇಷ್ಟು ಹಗುರ ದಂಡಕ್ಕೆ ಹೆದರುವವರು ಯಾರು? ಕನ್ನಡದ ಲೇಖಕರು, ಪ್ರಕಾಶಕರು ದಂಡಕ್ಕೆ ಹೆದರದಿದ್ದರೂ ಓದುಗರ ಮೇಲಿನ ಪ್ರೀತಿಗಾದರೂ ಆ ಒಂದು ಪ್ರತಿ ಕಳಿಸಬೇಕು.

ನಿಮ್ಮ ಊರಿನಲ್ಲಿ ಹೇಗೆ?

ರಂಗನಾಥನ್ ಅವರಿಗೂ ನಮಗೂ ಹತ್ತಿರದ ನಂಟಿದೆ. 1962ರಲ್ಲಿ ಅವರು ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ರಾಜ್ಯದ ಗ್ರಂಥಾಲಯ ಕಾಯಿದೆ 1965ರದು. ಅಲ್ಲೂ ಸೆಸ್ ಇದೆ, ರೂಪಾಯಿಗೆ 6 ಪೈಸೆ. ನಗರ ಗ್ರಂಥಾಲಯ ಪ್ರಾಧಿಕಾರಗಳೂ ಇವೆ. ಹಳ್ಳಿಯ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು, ಈಗ ಅವು ಅರಿವು ಕೇಂದ್ರಗಳು.

ಹೈದರಾಬಾದಿನವರೂ ಸೆಸ್ ಕಟ್ಟುತ್ತೀರಿ, ರೂಪಾಯಿಗೆ 8 ಪೈಸೆ. ಮುಂಬೈ, ಪುಣೆಯಲ್ಲಿ ಸೆಸ್ ಇಲ್ಲ. 1967ರ ಮಹಾರಾಷ್ಟ್ರ ಕಾಯಿದೆಯಡಿ, ಸಂಘ ಸಂಸ್ಥೆಗಳು ನಡೆಸುವ ಮಾನ್ಯತೆ ಪಡೆದ ಗ್ರಂಥಾಲಯಗಳಿಗೆ ಸರ್ಕಾರ ದರ್ಜೆ ನೋಡಿ ಅನುದಾನ ಕೊಡುತ್ತದೆ. ಪುಸ್ತಕ ಭಂಡಾರ ಇಟ್ಟುಕೊಂಡಿರುವ ಅಲ್ಲಿನ ಕನ್ನಡ ಸಂಘಗಳು ಈ ಮಾನ್ಯತೆಯ ಬಗ್ಗೆ ವಿಚಾರಿಸಿ ನೋಡಬಹುದು. ದೆಹಲಿ ಸಾರ್ವಜನಿಕ ಗ್ರಂಥಾಲಯ 1951ರಲ್ಲಿ ಯುನೆಸ್ಕೊ ನೆರವಿನಿಂದ ಶುರುವಾದದ್ದು, ಅದರ ಖರ್ಚು ಕೇಂದ್ರ ಸಂಸ್ಕೃತಿ ಸಚಿವಾಲಯದ್ದು.

ದುಡ್ಡು ಯಾವ ದಾರಿಯಲ್ಲಿ ಬಂದರೂ ನಾವು ಮಾಡಬಹುದಾದದ್ದು ಒಂದೇ. ಮೊದಲು ಸದಸ್ಯರಾಗಿ. ಸದಸ್ಯರ ಸಂಖ್ಯೆ ಇಲ್ಲದ ಶಾಖೆಯನ್ನು ಮುಚ್ಚುವುದು ಸುಲಭ. ಆಮೇಲೆ ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಬರೆದು ಕೊಡಿ, ಬಾಯಿಮಾತಿನಲ್ಲಿ ಹೇಳಬೇಡಿ. ಹತ್ತು ಜನ ಸಹಿ ಹಾಕಿದ ಕಾಗದಕ್ಕೆ ಕಡತದಲ್ಲಿ ಜಾಗ ಸಿಗುತ್ತದೆ. ಮೂರನೆಯದು, ವರ್ಷಕ್ಕೊಮ್ಮೆ ಲೆಕ್ಕ ಕೇಳಿ. ಪರವೂರಿನವರು ಕೇಳಬಹುದೇ ಎಂಬ ಹಿಂಜರಿಕೆ ಬೇಡ. ತೆರಿಗೆ ಕಟ್ಟುವಾಗ ಯಾರೂ ನಮ್ಮ ಊರು ಯಾವುದು ಎಂದು ಕೇಳಿರುವುದಿಲ್ಲ.