ಬೆಲೆಯೊಳಗಿನ ತೆರಿಗೆ



"ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಮತ್ತೆ ತೆರಿಗೆಯ ಮಾತು ನಮಗೇಕೆ?" ಎಂದು ಕೇಳುವವರುಂಟು. ಆದರೆ ಕೊಳ್ಳುವ ಪದಾರ್ಥದ ಬೆಲೆಯೊಳಗೇ ಸೇರಿ ಬರುವ ತೆರಿಗೆಯೂ ಇದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಅಂಥದು.

ಇದರ ಕ್ರಮ ಹೀಗಿದೆ. ನೋಂದಾಯಿತ ವರ್ತಕನು ಮಾಲು ಕೊಳ್ಳುವಾಗ ತೆತ್ತ ತೆರಿಗೆಯನ್ನು, ಮಾರುವಾಗ ವಸೂಲು ಮಾಡಿದ ತೆರಿಗೆಯಲ್ಲಿ ಮುರಿದುಕೊಂಡು, ಉಳಿದುದನ್ನು ಮಾತ್ರ ಸರ್ಕಾರಕ್ಕೆ ಕಟ್ಟುತ್ತಾನೆ. ರೈತನಿಗಾದರೋ ತಾನು ಬೆಳೆದ ರಾಗಿ, ಭತ್ತ, ತರಕಾರಿ ಮಾರಲು ನೋಂದಣಿ ಬೇಕಿಲ್ಲ. ಅವನು ಯಾರಿಂದಲೂ ತೆರಿಗೆ ವಸೂಲು ಮಾಡುವುದೂ ಇಲ್ಲ. ಆದಕಾರಣ ಗೊಬ್ಬರಕ್ಕೆ, ಯಂತ್ರಕ್ಕೆ ತಾನು ತೆತ್ತ ತೆರಿಗೆಯನ್ನು ಮುರಿದುಕೊಳ್ಳಲು ಅವನಿಗೆ ದಾರಿಯಿಲ್ಲ. ಆ ಭಾರ ಅವನ ಮೇಲೆಯೇ ನಿಲ್ಲುತ್ತದೆ.

ಹೀಗಾಗಿ ತೆರಿಗೆಯ ದರ ಎಷ್ಟೆಂಬುದು ರೈತನಿಗೆ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಬೇಸಾಯದ ಟ್ರ್ಯಾಕ್ಟರ್, ಹನಿ ನೀರಾವರಿ ಉಪಕರಣಗಳ ಮೇಲಿನ ದರ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಮೂಲಬೆಲೆ 6 ಲಕ್ಷ ರೂಪಾಯಿ ಇರುವ ಟ್ರ್ಯಾಕ್ಟರಿಗೆ ಹಿಂದಿನ ದರದಲ್ಲಿ 72,000 ರೂ. ತೆರಿಗೆ, ಶೇ. 5ರಂತೆ 30,000 ರೂ. ಉಳಿತಾಯ 42,000 ರೂ.

ಆದರೆ ಮಾರುವವನು ಮೂಲಬೆಲೆಯನ್ನೇ ಏರಿಸಿದರೆ ಈ ಉಳಿತಾಯ ಪೂರ್ತಿ ನಿಮ್ಮ ಕೈಸೇರದು. ಆದ್ದರಿಂದ ಎರಡು ಮೂರು ಕಡೆ ಬೆಲೆ ವಿಚಾರಿಸಿರಿ. ಬಿಲ್ಲನ್ನು ಕೇಳಿ ಪಡೆಯಿರಿ. ಅದರಲ್ಲಿ ಮೂಲಬೆಲೆ, ತೆರಿಗೆ ಬೇರೆ ಬೇರೆಯಾಗಿ ಬರೆದಿದೆಯೇ ನೋಡಿರಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಂಡ ಮೇಲೆಯೇ ಹಣ ಕೊಡಲಿ.