ಕಣ್ಣಿಗೆ ಕಟ್ಟಿದ್ದೆಲ್ಲ ಕಲಿಕೆಯಲ್ಲ: ವಿಆರ್ ತರಬೇತಿಯ ತಪ್ಪು ಕಲ್ಪನೆಗಳು ಮತ್ತು ಸತ್ಯ

ಸಾಮಾನ್ಯವಾಗಿ ತಲೆಗೆ ಧರಿಸುವ ಹೆಡ್‌ಸೆಟ್‌ನ ಮೂಲಕ, ಕಂಪ್ಯೂಟರ್ ಸೃಷ್ಟಿಸಿದ ಅಥವಾ ಸುತ್ತಲೂ ಚಿತ್ರೀಕರಿಸಿದ ದೃಶ್ಯದ ನಡುವೆಯೇ ಇರುವ ಅನುಭವವನ್ನು ನೋಡುಗರಲ್ಲಿ ಉಂಟುಮಾಡುವ ತಂತ್ರಜ್ಞಾನವೇ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್. ಅಮೆರಿಕದ ವಾಲ್‌ಮಾರ್ಟ್ 2018ರಲ್ಲಿ ತನ್ನ ನೌಕರರ ತರಬೇತಿಗಾಗಿ ಆ ದೇಶದ ಮಳಿಗೆಗಳಿಗೆ ಸುಮಾರು 17,000 ಹೆಡ್‌ಸೆಟ್‌ಗಳನ್ನು ಕಳುಹಿಸುವುದಾಗಿ ಪ್ರಕಟಿಸಿದ ಮೇಲೆ ಈ ವಿಧಾನದ ಬಗ್ಗೆ ಆಸಕ್ತಿ ಹೆಚ್ಚಿತು. ಅದರೊಂದಿಗೆ ಕೆಲವು ತಪ್ಪು ಕಲ್ಪನೆಗಳೂ ಬೇರೂರಿದವು.

ತಪ್ಪು ಕಲ್ಪನೆ 1: ಓದಿದ್ದು ಶೇ 10ರಷ್ಟು, ಮಾಡಿದ್ದು ಶೇ 90ರಷ್ಟು ನೆನಪಿನಲ್ಲಿ ಉಳಿಯುವುದರಿಂದ ವಿಆರ್ ಎಂದಿಗೂ ಪುಸ್ತಕಕ್ಕಿಂತ ಮೇಲು.

ಸತ್ಯ: ಈ ಲೆಕ್ಕವನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಹೆಸರಿಗೆ ಅಂಟಿಸುವುದು ರೂಢಿಯಾಗಿದೆಯಾದರೂ, ಕಲಿಕೆಯ ಅನುಭವಗಳನ್ನು ಮೂರ್ತದಿಂದ ಅಮೂರ್ತದವರೆಗೆ ಜೋಡಿಸಿ ಅವರು 1946ರಲ್ಲಿ ಪ್ರಕಟಿಸಿದ ‘ಅನುಭವದ ಶಂಕು’ ಎಂಬ ಚಿತ್ರದಲ್ಲಿ ಯಾವ ಶೇಕಡಾವಾರು ಅಂಕಿಯೂ ಇರಲಿಲ್ಲ. ರಜೆಯ ನಿಯಮ, ಭವಿಷ್ಯನಿಧಿಯ ವಿವರಗಳಂತಹ, ಬೇಕೆಂದಾಗ ತೆರೆದು ನೋಡಬೇಕಾದ ವಿಷಯಗಳಿಗೆ ಮುದ್ರಿತ ಕೈಪಿಡಿಯೇ ಇಂದಿಗೂ ಅನುಕೂಲ.

ತಪ್ಪು ಕಲ್ಪನೆ 2: ದೃಶ್ಯ ನೈಜವಾದಷ್ಟೂ ಕಲಿಕೆ ಗಟ್ಟಿಯಾಗುತ್ತದೆ.

ಸತ್ಯ: ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ವೈದ್ಯರ ಪೈಕಿ ಒಂದು ಗುಂಪು ವಿಆರ್ ಯಂತ್ರದಲ್ಲಿ ಅಭ್ಯಾಸ ಮಾಡಿತು. ಅಲ್ಲಿ ಹೆಡ್‌ಸೆಟ್ ಇರಲಿಲ್ಲ, ರಕ್ತ ಮಾಂಸಗಳ ಚಿತ್ರವೂ ಇರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಗೋಲದಂಥ ಸರಳ ಆಕೃತಿಗಳನ್ನು ಎರಡೂ ಕೈಗಳ ಉಪಕರಣಗಳಿಂದ ಹಿಡಿದು, ಗುರುತಿಸಿದ ಜಾಗವನ್ನು ಮಾತ್ರ ಸುಡುವುದಷ್ಟೇ ಅಭ್ಯಾಸವಾಗಿತ್ತು. ಆದರೂ ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಆ ಗುಂಪಿನವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರಲ್ಲದೆ, ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶವನ್ನು ಸುಡುವ ಸಂಭವ ಉಳಿದವರಲ್ಲಿ ಐದು ಪಟ್ಟು ಹೆಚ್ಚಾಗಿತ್ತು. ಇದಕ್ಕೆ ಪ್ರತಿಯಾಗಿ, ಡೆನ್ಮಾರ್ಕ್‌ನ ಗೀಡೊ ಮಕ್ರಾನ್‌ಸ್ಕಿ ಮತ್ತು ಸಂಗಡಿಗರ 2019ರ ಅಧ್ಯಯನದಲ್ಲಿ, ಪ್ರಯೋಗಾಲಯದ ಒಂದೇ ಪಾಠವನ್ನು ಹೆಡ್‌ಸೆಟ್‌ನಲ್ಲಿ ಕಂಡವರಿಗೆ ‘ಅಲ್ಲಿಯೇ ಇದ್ದೇವೆ’ ಎಂಬ ಭಾವ ಹೆಚ್ಚಾಗಿದ್ದರೂ, ಸಾಮಾನ್ಯ ಪರದೆಯಲ್ಲಿ ಕಂಡವರಿಗಿಂತ ಅವರು ಕಲಿತದ್ದು ಕಡಿಮೆ. ಬೆರಗು ಗಮನವನ್ನು ಸೆಳೆಯುವುದೇನೋ ನಿಜ, ಆದರೆ ಅದೇ ಬೆರಗು ಪಾಠದಿಂದ ಗಮನವನ್ನು ಕದಿಯಲೂ ಬಲ್ಲದು.

ತಪ್ಪು ಕಲ್ಪನೆ 3: ಹೆಡ್‌ಸೆಟ್ ಧರಿಸಿ ತಲೆಸುತ್ತುವವರು ಹೊಸತನಕ್ಕೆ ಒಗ್ಗದವರು.

ಸತ್ಯ: ಕಣ್ಣು ಚಲನೆಯನ್ನು ಕಾಣುತ್ತಿರುವಾಗ, ಸಮತೋಲನ ಕಾಯುವ ಒಳಕಿವಿ ದೇಹ ನಿಂತಲ್ಲೇ ಇದೆಯೆಂದು ತಿಳಿಸುವುದರಿಂದ ವಾಕರಿಕೆ ಹುಟ್ಟುತ್ತದೆ, ಘಟ್ಟದ ರಸ್ತೆಯಲ್ಲಿ ಬಸ್ಸಿನೊಳಗೆ ಹೊಟ್ಟೆ ತೊಳಸುವುದಕ್ಕೂ ಇಂತಹುದೇ ಘರ್ಷಣೆ ಕಾರಣ. ಇದು ದೇಹಧರ್ಮವೇ ಹೊರತು ಅಸಮರ್ಥತೆಯಲ್ಲವಾದ್ದರಿಂದ, ಅವಧಿಯನ್ನು ಮೊಟಕುಗೊಳಿಸುವುದೂ ಒಗ್ಗದವರಿಗೆ ಬೇರೆ ದಾರಿ ಕೊಡುವುದೂ ಸಂಸ್ಥೆಯ ಹೊಣೆ.

ತಪ್ಪು ಕಲ್ಪನೆ 4: ವಿಆರ್ ಬಂದ ಮೇಲೆ ತರಬೇತುದಾರರು ಬೇಕಿಲ್ಲ.

ಸತ್ಯ: ವಾಲ್‌ಮಾರ್ಟ್‌ನ ತರಬೇತಿ ಕೇಂದ್ರಗಳಲ್ಲಿ ಒಬ್ಬರು ಹೆಡ್‌ಸೆಟ್ ಧರಿಸಿ, ಭಾರೀ ರಿಯಾಯಿತಿ ಮಾರಾಟದ ‘ಬ್ಲ್ಯಾಕ್ ಫ್ರೈಡೇ’ ದಿನದ ನೂಕುನುಗ್ಗಲಿನಂತಹ ಸನ್ನಿವೇಶವನ್ನು ಎದುರಿಸುವಾಗ, ತರಗತಿಯ ಉಳಿದವರು ಅದನ್ನೇ ಪರದೆಯ ಮೇಲೆ ನೋಡುವ ಕ್ರಮವಿತ್ತು. ಯಾವುದನ್ನು ಗಮನಿಸದೆ ಬಿಟ್ಟೆವು, ಏಕೆ ಬಿಟ್ಟೆವು ಎಂಬುದನ್ನು ಅನುಭವಿಗಳೊಂದಿಗೆ ಕೂತು ಚರ್ಚಿಸಿದಾಗಲೇ ಕಂಡದ್ದು ಕಲಿಕೆಯಾಗುತ್ತದೆ. ಹೊಸಬರಿಗೆ ಸಹೋದ್ಯೋಗಿಗಳ ಒಡನಾಟದಿಂದ ಸಿಗುವ ನಂಟನ್ನಂತೂ ಯಾವ ಯಂತ್ರವೂ ತುಂಬಿಕೊಡಲಾರದು.

ತಪ್ಪು ಕಲ್ಪನೆ 5: ಹೆಸರು ಅಳಿಸಿದರೆ ನೌಕರರ ಖಾಸಗಿತನ ಉಳಿಯುತ್ತದೆ.

ಸತ್ಯ: ಹೆಡ್‌ಸೆಟ್ ತಲೆ ಮತ್ತು ಕೈಗಳ ಚಲನೆಯನ್ನು ಸತತವಾಗಿ ಅಳೆಯುತ್ತಿರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ನಿಮಿಷಕ್ಕಿಂತ ಕಡಿಮೆ ಅವಧಿಯ ಇಂತಹ ದತ್ತಾಂಶದಿಂದಲೇ 511 ಜನರ ನಡುವೆ ವ್ಯಕ್ತಿಯನ್ನು ಶೇ 95ರಷ್ಟು ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಆದ್ದರಿಂದ ಏನನ್ನು ದಾಖಲಿಸಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ನೌಕರರಿಗೆ ಮೊದಲೇ ತಿಳಿಸುವುದು ನ್ಯಾಯ.

ಕೈ ಪಳಗಬೇಕಾದ, ತಪ್ಪಿದರೆ ಜೀವಕ್ಕೆ ಕುತ್ತಾಗುವ ಅಥವಾ ವರ್ಷಕ್ಕೊಮ್ಮೆ ಮಾತ್ರ ಎದುರಾಗುವ ಕೆಲಸಗಳಿಗೆ ವಿಆರ್ ನಿಜಕ್ಕೂ ಬೆಲೆಬಾಳುವ ಸಾಧನ. ಹೊಸ ನೌಕರರು ಯಾವ ಕೆಲಸವನ್ನು ತಪ್ಪಿಲ್ಲದೆ ಮಾಡಬೇಕೆಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಸಾಧನವನ್ನು ಆರಿಸುವ ಸಂಸ್ಥೆಗೆ ಅದರ ಫಲ ದಕ್ಕುತ್ತದೆ. ಸಾಧನವನ್ನು ಮೊದಲು ಕೊಂಡು, ಅದಕ್ಕೊಂದು ಕೆಲಸ ಹುಡುಕುವ ಸಂಸ್ಥೆಗೆ ಖರ್ಚಷ್ಟೇ ಉಳಿಯುತ್ತದೆ.